ಹಾವು ಕಡಿದದ್ದು ಒಬ್ಬರಿಗೆ, ದಾಖಲಾತಿ ಮೂರು: ಆಸ್ಪತ್ರೆ ಅಂಕಿಗಳ ಒಳಲೆಕ್ಕ

ಜೂನ್ 28ರ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದ ರೈತನೊಬ್ಬನ ಕಾಲಿಗೆ ನಾಗರಹಾವು ಕಡಿಯಿತು ಅಂದುಕೊಳ್ಳಿ. ಒಂಬತ್ತು ಗಂಟೆಗೆ ತಾಲ್ಲೂಕು ಆಸ್ಪತ್ರೆಗೆ ತಂದರು. ಡ್ಯೂಟಿ ಡಾಕ್ಟರು ನೋಡಿ ಅಡ್ಮಿಟ್ ಮಾಡಿಕೊಂಡರು, ಐಪಿ ನಂಬರ್, ಅಂದರೆ ಒಳರೋಗಿ ಸಂಖ್ಯೆ ಬಿತ್ತು, 10 ವಯಲ್ ಹಾವಿನ ವಿಷದ ಪ್ರತಿವಿಷ ಏರಿಸಿದರು. ರಾತ್ರಿ ಎರಡರ ಹೊತ್ತಿಗೆ ರೆಪ್ಪೆ ಎತ್ತಲಾಗದೆ, ಉಸಿರೂ ಕಷ್ಟವಾದಾಗ ಜಿಲ್ಲಾ ಆಸ್ಪತ್ರೆಗೆ ರೆಫರ್ ಮಾಡಿದರು. ಅಲ್ಲಿ 29ರ ಬೆಳಗಿನ ಜಾವ ನಾಲ್ಕಕ್ಕೆ ಹೊಸ ಐಪಿ ನಂಬರ್, ಐಸಿಯು, ವೆಂಟಿಲೇಟರ್. ಜುಲೈ 1ಕ್ಕೆ ಜನರಲ್ ವಾರ್ಡಿಗೆ ಬಂದ, 5ಕ್ಕೆ ಡಿಸ್ಚಾರ್ಜ್ ಆದ. ಕಡಿದ ಜಾಗ ಕೊಳೆತು ಕಾಲು ಊದಿ ಜುಲೈ 12ಕ್ಕೆ ಮತ್ತೆ ಬಂದಾಗ ಸರ್ಜರಿ ವಾರ್ಡಿನಲ್ಲಿ ಮೂರನೇ ಐಪಿ ನಂಬರ್.

ಊರಿನವರ ಪಾಲಿಗೆ ಇದು ಒಬ್ಬ ಮನುಷ್ಯ, ಒಂದು ಹಾವು ಕಡಿತ. ಜಿಲ್ಲೆಯ ಅಂಕಿಸಂಖ್ಯೆಗೆ ಮೂರು ದಾಖಲಾತಿ. ಯಾರೂ ತಪ್ಪು ಬರೆದಿಲ್ಲ, ಯಾರೂ ಸುಳ್ಳು ಲೆಕ್ಕ ಕೊಟ್ಟಿಲ್ಲ. ಆಸ್ಪತ್ರೆಗಳು ಮಾಮೂಲಾಗಿ ಎಣಿಸುವುದು ದಾಖಲಾತಿ ಎಂಬ ಘಟನೆಯನ್ನು. ಆ ಅಂಕಿಯನ್ನು ಪತ್ರಿಕೆಯಲ್ಲೋ ವರದಿಯಲ್ಲೋ ಬರೆಯುವವರು "ಇಷ್ಟು ಜನ" ಎಂದು ಬದಲಾಯಿಸಿದಾಗಲೇ ತಪ್ಪು ಹುಟ್ಟುವುದು. ಹಾಗಾಗಿ ಯಾವುದೇ ಅಂಕಿ ಕಂಡಾಗ ಇಲ್ಲಿ ಎಣಿಸಿದ್ದು ಏನನ್ನು, ಯಾವ ಹೊತ್ತಿನಲ್ಲಿ, ಯಾರ ಪುಸ್ತಕದಿಂದ ಎಂದು ಮೊದಲು ನೋಡಬೇಕು.

ಒಳರೋಗಿ ಅನ್ನಿಸಿಕೊಳ್ಳುವುದು ಯಾವಾಗ

ಆಸ್ಪತ್ರೆಯ ಮಂಚದ ಮೇಲೆ ಮಲಗಿದವರೆಲ್ಲ ಒಳರೋಗಿಗಳಲ್ಲ. ವೈದ್ಯರು ದಾಖಲಿಸುವ ನಿರ್ಧಾರ ಮಾಡಿರಬೇಕು, ಅಡ್ಮಿಷನ್ ರಿಜಿಸ್ಟರಿನಲ್ಲಿ ಹೆಸರು ಏರಿ ಐಪಿ ನಂಬರ್ ಬಿದ್ದಿರಬೇಕು, ವಾರ್ಡಿನಲ್ಲಿ ಹಾಸಿಗೆ ಕೊಟ್ಟಿರಬೇಕು. ತುರ್ತು ವಿಭಾಗದಲ್ಲಿ ನಾಲ್ಕು ಗಂಟೆ ಮಲಗಿಸಿ ಡ್ರಿಪ್ ಹಾಕಿ, ನಿಗಾ ಇಟ್ಟು ಮನೆಗೆ ಕಳಿಸಿದವರು ಹೊರರೋಗಿ ಲೆಕ್ಕ. ಹೆರಿಗೆ ಟೇಬಲ್, ಆಪರೇಷನ್ ನಂತರ ಎಚ್ಚರವಾಗುವವರೆಗೆ ಮಲಗಿಸುವ ಮಂಚ, ಡಯಾಲಿಸಿಸ್ ಕುರ್ಚಿ ಇವು ಹಾಸಿಗೆ ಸಂಖ್ಯೆಗೆ ಸೇರುವುದಿಲ್ಲ.

ನಿಯಮ ಸರಳವಾಗಿದೆ. ನಡವಳಿಕೆ ಮಾತ್ರ ಆಸ್ಪತ್ರೆಗೊಂದು ಥರ. ಒಂದು ಕಡೆ ಡ್ರಿಪ್ ಹಾಕಿದವರಿಗೆಲ್ಲ ಐಪಿ ನಂಬರ್ ಕೊಡುತ್ತಾರೆ, ಇನ್ನೊಂದು ಕಡೆ ರಾತ್ರಿ ಉಳಿಯುವವರಿಗೆ ಮಾತ್ರ. ಕಣ್ಣಿನ ಪೊರೆ ಆಪರೇಷನ್ನಿಗೆ ಬೆಳಿಗ್ಗೆ ಬಂದು ಸಂಜೆ ಹೋಗುವವರನ್ನು ಒಂದು ಆಸ್ಪತ್ರೆ ದಾಖಲಾತಿ ಎಂದು ಬರೆದರೆ ಮತ್ತೊಂದು ಡೇ ಕೇರ್ ಪುಸ್ತಕದಲ್ಲಿ ಬರೆಯುತ್ತದೆ. ಅಕ್ಕಪಕ್ಕದ ಎರಡು ತಾಲ್ಲೂಕುಗಳ ಪೈಕಿ ಒಂದರಲ್ಲಿ ದಾಖಲಾತಿ ದುಪ್ಪಟ್ಟು ಕಂಡರೆ, ಅಲ್ಲಿ ಕಾಯಿಲೆ ಹೆಚ್ಚಿದೆ ಅನ್ನುವ ಮೊದಲು ಐಪಿ ನಂಬರ್ ಯಾರಿಗೆ ಕೊಡುತ್ತಾರೆ ಎಂದು ವಿಚಾರಿಸಬೇಕು. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ದಾಖಲಾದವರನ್ನು ಮೊದಲು ವಿಂಗಡಿಸುವುದು ಬಂದ ಬಗೆಯಿಂದ. ದಿನ ಗೊತ್ತು ಮಾಡಿಕೊಂಡು ಬಂದವರು, ತುರ್ತಾಗಿ ಬಂದವರು, ಹೆರಿಗೆಗೆ ಬಂದವರು, ಬೇರೆ ಆಸ್ಪತ್ರೆಯಿಂದ ಬಂದವರು. ಕೇಂದ್ರ ಆರೋಗ್ಯ ಸಚಿವಾಲಯ 2008ರಲ್ಲಿ ಶುರುಮಾಡಿದ ಎಚ್‌ಎಂಐಎಸ್ ಎಂಬ ಮಾಸಿಕ ವರದಿ ವ್ಯವಸ್ಥೆಯಲ್ಲಿ ಒಳರೋಗಿಗಳನ್ನು ಗಂಡು–ಹೆಣ್ಣು, ಮಕ್ಕಳು–ವಯಸ್ಕರು ಎಂದು ಬೇರ್ಪಡಿಸುತ್ತಾರೆ. ತುರ್ತು ದಾಖಲಾತಿಗಳನ್ನು ಅಪಘಾತ–ಗಾಯ, ಸುಟ್ಟಗಾಯ, ಹೆರಿಗೆಯ ತೊಡಕು, ಹಾವು ಕಡಿತ, ಹೃದಯದ ತುರ್ತು, ಪಾರ್ಶ್ವವಾಯು ಎಂದು ಬೇರೆ ಬೇರೆ ಸಾಲುಗಳಲ್ಲಿ ಕೇಳುತ್ತಾರೆ. ನಮ್ಮ ರೈತ ತಾಲ್ಲೂಕು ಆಸ್ಪತ್ರೆಯ ಹಾವು ಕಡಿತದ ಸಾಲಿನಲ್ಲಿ ಒಂದು, ಜಿಲ್ಲಾ ಆಸ್ಪತ್ರೆಯ ಅದೇ ಸಾಲಿನಲ್ಲಿ ಇನ್ನೊಂದು. ಎರಡನ್ನೂ ಕೂಡಿಸಿದ ಜಿಲ್ಲೆಯ ಮೊತ್ತದಲ್ಲಿ ಆತ ಇಬ್ಬರು.

ಹೆರಿಗೆಯ ಲೆಕ್ಕದಲ್ಲಿ ಬೇರೆಯದೇ ಗೋಜು. ತಾಯಿ ದಾಖಲಾಗುತ್ತಾಳೆ. ಆರೋಗ್ಯವಾಗಿ ಹುಟ್ಟಿ ಅವಳ ಪಕ್ಕದಲ್ಲೇ ಮಲಗಿರುವ ಮಗು ಸಾಮಾನ್ಯವಾಗಿ ದಾಖಲಾತಿ ಅನ್ನಿಸಿಕೊಳ್ಳುವುದಿಲ್ಲ, ಜೀವಂತ ಜನನದ ಸಾಲಿಗೆ ಹೋಗುತ್ತದೆ. ಅದೇ ಮಗುವಿಗೆ ಕಾಮಾಲೆಯೋ ಉಸಿರಿನ ತೊಂದರೆಯೋ ಆಗಿ ನವಜಾತ ಶಿಶು ಘಟಕಕ್ಕೆ ಹೋದರೆ ಹೊಸ ದಾಖಲಾತಿ. ಅಲ್ಲಿಯೂ ಇದೇ ಆಸ್ಪತ್ರೆಯಲ್ಲಿ ಹುಟ್ಟಿದ್ದು, ಹೊರಗೆ ಹುಟ್ಟಿ ಬಂದದ್ದು ಎಂದು ಎರಡು ಸಾಲು. ಹೊರಗಿನಿಂದ ಬಂದ ಶಿಶುಗಳ ಸಾವಿನ ಪ್ರಮಾಣದಲ್ಲಿ ದಾರಿಯಲ್ಲಿ ಕಳೆದ ಹೊತ್ತು, ಮೈ ತಣ್ಣಗಾದದ್ದು ಎಲ್ಲವೂ ಸೇರಿರುತ್ತದಾದ್ದರಿಂದ ಎರಡನ್ನೂ ಬೆರೆಸಿದರೆ ಘಟಕದ ಕೆಲಸ ಹೇಗಿದೆ ಎಂದು ತಿಳಿಯುವುದೇ ಇಲ್ಲ. ಇನ್ನು ಸುಳ್ಳು ನೋವಿಗೆ ಬಂದು ದಾಖಲಾಗಿ, ಮನೆಗೆ ಹೋಗಿ, ವಾರದ ನಂತರ ಮತ್ತೆ ಬಂದು ಹೆತ್ತ ಗರ್ಭಿಣಿಯದು ಎರಡು ದಾಖಲಾತಿ, ಒಂದೇ ಹೆರಿಗೆ. ಹೆರಿಗೆ ವಾರ್ಡಿನ ದಾಖಲಾತಿಯೂ ಹೆರಿಗೆಗಳ ಸಂಖ್ಯೆಯೂ ಹೊಂದದಿದ್ದರೆ ಗಾಬರಿಯಾಗಬೇಕಿಲ್ಲ. ಪ್ರತಿ ತಿಂಗಳೂ ಎರಡೂ ಒಂದೇ ಬಂದರೆ ಒಂದನ್ನು ನೋಡಿ ಇನ್ನೊಂದನ್ನು ಬರೆದಿದ್ದಾರೆಯೇ ಎಂದು ನೋಡಬೇಕು.

ರಾತ್ರಿ ಹನ್ನೆರಡರ ಎಣಿಕೆ

ಆಸ್ಪತ್ರೆ ಅಂಕಿಸಂಖ್ಯೆಯ ಬುನಾದಿ ಇರುವುದು ರಾತ್ರಿ ಪಾಳಿಯ ಶುಶ್ರೂಷಾಧಿಕಾರಿಯ ಕೈಯಲ್ಲಿ. ಹನ್ನೆರಡು ಗಂಟೆಗೆ ವಾರ್ಡಿನಲ್ಲಿ ಎಷ್ಟು ಒಳರೋಗಿಗಳಿದ್ದಾರೆ ಎಂದು ಆಕೆ ಎಣಿಸಿ ಸೆನ್ಸಸ್ ಪುಸ್ತಕದಲ್ಲಿ ಬರೆಯುತ್ತಾರೆ. ದಿನದ ಯಾವುದೋ ಹೊತ್ತಿನಲ್ಲಿ ಎಣಿಸಿದರೆ ಬರುವವರು ಹೋಗುವವರ ಓಡಾಟದಲ್ಲಿ ಲೆಕ್ಕ ತಪ್ಪುತ್ತದೆ, ಎಲ್ಲ ವಾರ್ಡುಗಳೂ ಒಂದೇ ಹೊತ್ತಿಗೆ ಎಣಿಸದಿದ್ದರೆ ಒಬ್ಬರೇ ಎರಡು ಕಡೆ ಬರುತ್ತಾರೆ. ಅದಕ್ಕೇ ನಡುರಾತ್ರಿ.

30 ಹಾಸಿಗೆಯ ಒಂದು ವಾರ್ಡ್ ತೆಗೆದುಕೊಳ್ಳಿ. ನಿನ್ನೆ ನಡುರಾತ್ರಿ 24 ಮಂದಿ ಇದ್ದರು. ಇವತ್ತು ಹೊಸದಾಗಿ 6 ಮಂದಿ ದಾಖಲಾದರು, ಬೇರೆ ವಾರ್ಡಿನಿಂದ 2 ಮಂದಿ ಬಂದರು. 5 ಮಂದಿ ಡಿಸ್ಚಾರ್ಜ್, ಒಬ್ಬರು ಬೇರೆ ವಾರ್ಡಿಗೆ, ಒಬ್ಬರು ತೀರಿಕೊಂಡರು. 24ಕ್ಕೆ 8 ಕೂಡಿ 7 ಕಳೆದರೆ 25. ಮಂಚ ಮಂಚಕ್ಕೂ ನಡೆದು ಎಣಿಸಿದಾಗಲೂ 25 ಬಂದರೆ ಪುಸ್ತಕ ಸರಿಯಿದೆ. 24 ಬಂದರೆ ಒಂದೋ ಯಾರೋ ಹೇಳದೆ ಮನೆಗೆ ಹೋಗಿದ್ದಾರೆ, ಇಲ್ಲವೇ ಡಿಸ್ಚಾರ್ಜ್ ಆದವರೊಬ್ಬರ ಹೆಸರು ಹೊಡೆದುಹಾಕಿಲ್ಲ. ಇದನ್ನು ಆ ರಾತ್ರಿಯೇ ಹುಡುಕಿದರೆ ಐದು ನಿಮಿಷದ ಕೆಲಸ, ತಿಂಗಳ ಕೊನೆಗೆ ಹುಡುಕಲು ಹೊರಟರೆ ಮುನ್ನೂರು ಕೇಸ್ ಶೀಟ್ ತೆಗೆಯಬೇಕು.

ಆ ಆರು ಹೊಸಬರಲ್ಲಿ ಒಬ್ಬರು ಬೆಳಿಗ್ಗೆ ದಾಖಲಾಗಿ ಸಂಜೆಯೇ ಹೋಗಿದ್ದರು ಅನ್ನಿ. ನಡುರಾತ್ರಿಯ ಎಣಿಕೆಗೆ ಅವರು ಸಿಗಲಿಲ್ಲ. ಹಾಸಿಗೆ ಬಳಸಿದರು, ಔಷಧ ತೆಗೆದುಕೊಂಡರು, ಎಣಿಕೆಯಲ್ಲಿ ಮಾತ್ರ ಇಲ್ಲ. ಈ ಕೊರತೆ ತುಂಬಲು ವೈದ್ಯಕೀಯ ದಾಖಲೆ ವಿಭಾಗದವರು ಅಂದೇ ಬಂದು ಅಂದೇ ಹೋದವರಿಗೆ ತಲಾ ಒಂದು ದಿನ ಸೇರಿಸಿ 26 ರೋಗಿ-ದಿನ ಎಂದು ಲೆಕ್ಕ ಹಾಕುವ ರೂಢಿ ಇದೆ. ಎಚ್‌ಎಂಐಎಸ್ ಕೇಳುವುದು ನಡುರಾತ್ರಿಯ ತಲೆ ಎಣಿಕೆಯನ್ನು, ಅಂದರೆ 25. ಎರಡೂ ಸರಿಯಾದ ಸಂಖ್ಯೆಗಳೇ. ಒಂದೇ ಆಸ್ಪತ್ರೆಯ ಎರಡು ವರದಿಗಳಲ್ಲಿ ಬೇರೆ ಬೇರೆ ಅಂಕಿ ಕಂಡು ಜಗಳವಾಗುವುದಕ್ಕೆ ಇಂಥವೇ ಕಾರಣ.

ನಮ್ಮ ರೈತನಿಗೆ ಈ ಲೆಕ್ಕ ಹಚ್ಚಿ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಆತ ಇದ್ದದ್ದು ಐದೇ ಗಂಟೆ, ಆದರೆ ನಡುವೆ ಒಂದು ನಡುರಾತ್ರಿ ದಾಟಿದ್ದರಿಂದ ಒಂದು ರೋಗಿ-ದಿನ. ರಾತ್ರಿ ಹನ್ನೊಂದಕ್ಕೇ ರೆಫರ್ ಮಾಡಿದ್ದರೆ ತಲೆ ಎಣಿಕೆಯಲ್ಲಿ ಸೊನ್ನೆ. ಜಿಲ್ಲಾ ಆಸ್ಪತ್ರೆಯಲ್ಲಿ ಜೂನ್ 29, 30ರ ಎರಡು ನಡುರಾತ್ರಿ ಜೂನ್ ಲೆಕ್ಕಕ್ಕೆ, ಜುಲೈ 1ರಿಂದ 4ರವರೆಗಿನ ನಾಲ್ಕು ಜುಲೈ ಲೆಕ್ಕಕ್ಕೆ. ಒಟ್ಟು ಆರು ದಿನ. ದಾಖಲಾದ ದಿನ ಎಣಿಸಿ ಬಿಡುಗಡೆಯ ದಿನ ಬಿಡುವುದು ರೂಢಿ. ಎರಡನ್ನೂ ಎಣಿಸಿದರೆ ಪ್ರತಿ ರೋಗಿಗೂ ಒಂದು ದಿನ ಸುಮ್ಮನೆ ಹೆಚ್ಚುತ್ತದೆ, ಬೆಳಿಗ್ಗೆ ಖಾಲಿಯಾಗಿ ಮಧ್ಯಾಹ್ನ ತುಂಬಿದ ಹಾಸಿಗೆ ಅದೇ ದಿನ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ನಾಲ್ಕು ಭಾಗಾಕಾರ, ಮತ್ತು ಅವು ಕೆಡುವ ಬಗೆ

100 ಹಾಸಿಗೆಯ ಆಸ್ಪತ್ರೆ. ಜೂನ್ ತಿಂಗಳ ಮೂವತ್ತು ನಡುರಾತ್ರಿಗಳ ಎಣಿಕೆ ಕೂಡಿಸಿದರೆ 2,400. ಆ ತಿಂಗಳು ಹೊರಗೆ ಹೋದವರು, ಸತ್ತವರೂ ಸೇರಿ, 600.

ಹಾಸಿಗೆ ಭರ್ತಿ ಪ್ರಮಾಣ: 2,400 ಭಾಗಿಸು 100 ಹಾಸಿಗೆ ಗುಣಿಸು 30 ದಿನ, ಅಂದರೆ 3,000. ಉತ್ತರ ಶೇ 80. ಸರಾಸರಿ ತಂಗಿದ ದಿನ: 2,400 ಭಾಗಿಸು 600, ನಾಲ್ಕು ದಿನ. ಒಂದು ಹಾಸಿಗೆಯನ್ನು ತಿಂಗಳಲ್ಲಿ ಬಳಸಿದವರು: 600 ಭಾಗಿಸು 100, ಆರು ಮಂದಿ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಹಾಸಿಗೆ ಖಾಲಿ ಇದ್ದ ಅವಧಿ: ಬಳಕೆಯಾಗದ 600 ಹಾಸಿಗೆ-ದಿನ ಭಾಗಿಸು 600, ಒಂದು ದಿನ. ನಾಲ್ಕನ್ನೂ ಒಟ್ಟಿಗೆ ಓದಿದರೆ ಆಸ್ಪತ್ರೆಯ ಉಸಿರಾಟ ಕೇಳಿಸುತ್ತದೆ. ಭರ್ತಿ ಪ್ರಮಾಣ ಒಂದನ್ನೇ ಹಿಡಿದುಕೊಂಡರೆ ಮೋಸ ಹೋಗುತ್ತೇವೆ. ವಾರದಲ್ಲಿ ಬಿಡಬಹುದಾದವರನ್ನು ಹದಿನೈದು ದಿನ ಮಲಗಿಸಿಕೊಂಡರೂ ಆ ಪ್ರಮಾಣ ಚೆನ್ನಾಗಿಯೇ ಕಾಣುತ್ತದೆ.

ಇಲ್ಲಿ ಆಗುವ ಅತಿ ಸಾಮಾನ್ಯ ತಪ್ಪು ಇದು: ನಡುರಾತ್ರಿಯ ತಲೆ ಎಣಿಕೆಯ ಖಾನೆಯಲ್ಲಿ ಮೂವತ್ತು ದಿನಗಳ ಮೊತ್ತದ ಬದಲು ತಿಂಗಳ ಕೊನೆಯ ರಾತ್ರಿಯ ಎಣಿಕೆ ಮಾತ್ರ ತುಂಬುವುದು. ಜೂನ್ 30ರ ರಾತ್ರಿ 80 ಮಂದಿ ಇದ್ದರು ಎಂದು 80 ಬರೆದರೆ ಭರ್ತಿ ಪ್ರಮಾಣ ಶೇ 2.7ಕ್ಕೆ ಇಳಿಯುತ್ತದೆ. ತುಂಬಿ ತುಳುಕುವ ಆಸ್ಪತ್ರೆ ಕಂಪ್ಯೂಟರಿನಲ್ಲಿ ಬಿಕೋ ಅನ್ನುತ್ತದೆ. ಅದನ್ನೇ ನಂಬಿ ಇಲ್ಲಿಗೆ ಇಷ್ಟು ಸಿಬ್ಬಂದಿ ಯಾಕೆ ಎಂದು ಮೇಲಿನಿಂದ ಪ್ರಶ್ನೆ ಬಂದರೆ ಅದರ ನಷ್ಟ ಅನುಭವಿಸುವವರು ಆ ತಾಲ್ಲೂಕಿನ ಬಡವರು. ಒಂದು ಖಾನೆಗೆ ತಪ್ಪಾಗಿ ತುಂಬಿದ ಅಂಕಿಯ ಭಾರ ಅಷ್ಟಿದೆ.

ಛೇದದಲ್ಲೂ ಹೀಗೆಯೇ. ಮಂಜೂರಾದ ಹಾಸಿಗೆ 100 ಇದ್ದು, ಒಂದು ವಾರ್ಡ್ ದುರಸ್ತಿಯಲ್ಲಿದ್ದು ನಿಜಕ್ಕೂ ನಡೆಯುತ್ತಿರುವುದು 76 ಆದರೆ, ಅದೇ 2,400 ರೋಗಿ-ದಿನಕ್ಕೆ ಭರ್ತಿ ಪ್ರಮಾಣ ಶೇ 105. ನೂರು ದಾಟಿದ ಅಂಕಿ ಕಂಡ ಕೂಡಲೇ ತಪ್ಪೆಂದು ತಳ್ಳಿಹಾಕಬಾರದು. ಮಂಚಗಳ ನಡುವೆ ನೆಲದ ಮೇಲೆ ಹಾಸಿ ಮಲಗಿಸಿದವರೂ ಒಳರೋಗಿಗಳೇ, ಹೆಚ್ಚುವರಿ ಹಾಸಿಗೆ ಛೇದದಲ್ಲಿ ಇರುವುದಿಲ್ಲ. ಡೆಂಗಿ ಕಾಲದಲ್ಲಿ ಇದು ದೊಡ್ಡ ಆಸ್ಪತ್ರೆಗಳ ನಿತ್ಯದ ಸ್ಥಿತಿ.

ವಾರ್ಡಿನಿಂದ ವಾರ್ಡಿಗೆ ಹೋಗುವುದು ಇನ್ನೊಂದು ಕಂದಕ. ರೈತ ಐಸಿಯುನಿಂದ ಜನರಲ್ ವಾರ್ಡಿಗೆ ಬಂದದ್ದು ವಾರ್ಡಿನ ಮಟ್ಟಿಗೆ ಆಗಮನ, ಆಸ್ಪತ್ರೆಯ ಮಟ್ಟಿಗೆ ಏನೂ ಅಲ್ಲ. ವಾರ್ಡುಗಳ 'ಬಂದವರು' ಕಾಲಮ್ಮುಗಳನ್ನು ಕೂಡಿಸಿ ಆಸ್ಪತ್ರೆಯ ದಾಖಲಾತಿ ಎಂದು ಕಳಿಸಿದರೆ ಪ್ರತಿ ವರ್ಗಾವಣೆಯೂ ಹೊಸ ರೋಗಿಯಾಗುತ್ತದೆ. ಐಸಿಯು ಇರುವ ಆಸ್ಪತ್ರೆಗಳಲ್ಲಿ ಈ ಉಬ್ಬರ ಸಣ್ಣದೇನಲ್ಲ. ಪರೀಕ್ಷಿಸುವ ದಾರಿ ಸುಲಭ: ತಿಂಗಳಿಡೀ ಎಲ್ಲ ವಾರ್ಡುಗಳಿಗೆ ಒಳಬಂದ ವರ್ಗಾವಣೆಗಳ ಒಟ್ಟು, ಹೊರಹೋದ ವರ್ಗಾವಣೆಗಳ ಒಟ್ಟಿಗೆ ಸಮ ಇರಲೇಬೇಕು. ಜೊತೆಗೆ ತಿಂಗಳ ಮೊದಲಿದ್ದವರು, ಕೂಡು ದಾಖಲಾದವರು, ಕಳೆ ಹೊರಹೋದವರು ಎಂದು ಲೆಕ್ಕ ಹಾಕಿದರೆ ಕೊನೆಯ ರಾತ್ರಿಯ ತಲೆ ಎಣಿಕೆಯೇ ಬರಬೇಕು.

ಹೊರಗೆ ಹೋಗುವ ದಾರಿಗಳು

ಗುಣವಾಗಿಯೋ ಸುಧಾರಿಸಿಯೋ ಡಿಸ್ಚಾರ್ಜ್ ಆದವರು, ರೆಫರ್ ಆದವರು, ವೈದ್ಯರ ಸಲಹೆಗೆ ವಿರುದ್ಧವಾಗಿ ಬರೆದುಕೊಟ್ಟು ಹೋದವರು, ಹೇಳದೆ ಹೋದವರು, ತೀರಿಕೊಂಡವರು. ಐದೂ 'ಹೊರಹೋದವರು' ಸಂಖ್ಯೆಗೆ ಸೇರಬೇಕು. ಹೇಳದೆ ಹೋದವರನ್ನು ಬಿಟ್ಟುಬಿಟ್ಟರೆ ಪುಸ್ತಕದಲ್ಲಿ ಅವರು ತಿಂಗಳುಗಟ್ಟಲೆ ಮಲಗಿಯೇ ಇರುತ್ತಾರೆ.

ಸಾವಿನ ಪ್ರಮಾಣ ಓದುವಾಗ ಈ ವಿಂಗಡಣೆ ಬಹಳ ಮುಖ್ಯ. ಹೊರಹೋದ 600 ಮಂದಿಯಲ್ಲಿ 18 ಸಾವು ಇದ್ದರೆ ಒಟ್ಟು ಮರಣ ಪ್ರಮಾಣ ಶೇ 3. ಅವರಲ್ಲಿ 8 ಮಂದಿ ದಾಖಲಾದ 48 ಗಂಟೆಯೊಳಗೆ ತೀರಿಕೊಂಡಿದ್ದರೆ, ಆ ಎಂಟನ್ನು ಅಂಶ–ಛೇದ ಎರಡರಿಂದಲೂ ಕಳೆದು 10 ಭಾಗಿಸು 592, ನಿವ್ವಳ ಮರಣ ಪ್ರಮಾಣ ಶೇ 1.7. ಕೊನೆಯುಸಿರಿನಲ್ಲಿ ಬಂದವರಿಗೆ ಏನಾದರೂ ಮಾಡಲು ಆಸ್ಪತ್ರೆಗೆ ಸಮಯವೇ ಸಿಕ್ಕಿರಲಿಲ್ಲ ಎಂಬುದು ಈ ಎರಡನೇ ಲೆಕ್ಕದ ಹಿಂದಿನ ತರ್ಕ. ಆದರೆ ಬಾಗಿಲಲ್ಲೇ ಆದ ವಿಳಂಬವೂ ಆ 48 ಗಂಟೆಯೊಳಗೇ ಅಡಗಿರುತ್ತದೆ, ಆದ್ದರಿಂದ ನಿವ್ವಳದ ಜೊತೆ ಒಟ್ಟು ಪ್ರಮಾಣವನ್ನೂ ಕೇಳಬೇಕು. ತರುವ ಮೊದಲೇ ತೀರಿಕೊಂಡವರು ಒಳರೋಗಿಯೇ ಅಲ್ಲ, ಯಾವ ಲೆಕ್ಕಕ್ಕೂ ಬರಬಾರದು.

ತಾಲ್ಲೂಕು ಆಸ್ಪತ್ರೆಯಲ್ಲಿ ಹಾವು ಕಡಿತದ ಸಾವು ಸೊನ್ನೆ, ಜಿಲ್ಲಾ ಆಸ್ಪತ್ರೆಯಲ್ಲಿ ಹೆಚ್ಚು ಎಂದು ಓದಿ ಮೊದಲಿನದು ಉತ್ತಮ ಅನ್ನುವವರಿದ್ದಾರೆ. ಉಸಿರು ನಿಲ್ಲುವ ಹಂತದವರನ್ನೆಲ್ಲ ರೆಫರ್ ಮಾಡಿದ ಮೇಲೆ ಇಲ್ಲಿ ಸಾವು ಉಳಿಯುವುದಾದರೂ ಹೇಗೆ? ರೆಫರ್ ಆದವರ ಗತಿ ಏನಾಯಿತು ಎಂದು ಹಿಂಬಾಲಿಸದೆ ಎರಡನ್ನೂ ಹೋಲಿಸಲು ಆಗದು. ಬರೆದುಕೊಟ್ಟು ಮನೆಗೆ ಕರೆದೊಯ್ದ ಮೇಲೆ ಮನೆಯಲ್ಲಿ ತೀರಿಕೊಂಡವರೂ ಆಸ್ಪತ್ರೆಯ ಸಾವಿನ ಲೆಕ್ಕದಲ್ಲಿಲ್ಲ. ಎಚ್‌ಎಂಐಎಸ್‌ನಲ್ಲಿ ಸಲಹೆಗೆ ವಿರುದ್ಧವಾಗಿ ಹೋದವರಿಗೆ ಪ್ರತ್ಯೇಕ ಸಾಲು ಇರುವುದು ಸುಮ್ಮನೆ ಅಲ್ಲ. ಆ ಸಾಲು ಏರಿದ ತಿಂಗಳು ಸಾವಿನ ಸಾಲು ಇಳಿದಿದ್ದರೆ ಎರಡನ್ನೂ ಜೋಡಿಸಿ ಓದಿ.

ಯಾವ ಕಾಯಿಲೆಯ ಖಾತೆಗೆ

ಕಾಯಿಲೆಗಳ ವಿಂಗಡಣೆಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಎಂಬ ಸಂಕೇತ ಪಟ್ಟಿ ಇದೆ. ಹತ್ತನೇ ಆವೃತ್ತಿಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು, ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಗೆ ಬಂತು, ಆದರೂ ದಾಖಲೆ ಕೋಣೆಗಳಲ್ಲಿ ಹತ್ತರ ಬಳಕೆ ಬಿಟ್ಟುಹೋಗಿಲ್ಲ. ಒಬ್ಬ ರೋಗಿಗೆ ನಾಲ್ಕು ಕಾಯಿಲೆ ಇದ್ದರೂ ಪಟ್ಟಿಯಲ್ಲಿ ಆತ ಸೇರುವುದು ಒಂದೇ ಮುಖ್ಯ ಕಾಯಿಲೆಯ ಕೆಳಗೆ. ಚಿಕಿತ್ಸೆ ಮುಗಿದ ಮೇಲೆ ಖಚಿತವಾದ, ಆತನಿಗೆ ಚಿಕಿತ್ಸೆಯೋ ತಪಾಸಣೆಯೋ ಬೇಕಾಗುವುದಕ್ಕೆ ಮುಖ್ಯವಾಗಿ ಕಾರಣವಾದ ಸ್ಥಿತಿ ಅದು. ಅಂಥವು ಒಂದಕ್ಕಿಂತ ಹೆಚ್ಚಿದ್ದರೆ ಯಾವುದಕ್ಕೆ ಹೆಚ್ಚು ಸಂಪನ್ಮೂಲ ಖರ್ಚಾಯಿತೋ ಅದು.

'ಚಿಕಿತ್ಸೆ ಮುಗಿದ ಮೇಲೆ' ಎಂಬುದನ್ನು ಗಟ್ಟಿಯಾಗಿ ಹಿಡಿಯಬೇಕು. ದಾಖಲಾಗುವಾಗ ಕೇಸ್ ಶೀಟಿನ ಮೊದಲ ಪುಟದಲ್ಲಿ ಇರುವುದು ಊಹೆ. 'ಜ್ವರ, ತಪಾಸಣೆಯಲ್ಲಿದೆ' ಎಂದು ಬರೆದು ದಾಖಲಿಸಿದವರಿಗೆ ಮೂರನೇ ದಿನ ಡೆಂಗಿ ಖಚಿತವಾಗಬಹುದು. ಸಂಕೇತ ಹಾಕುವವರು ಡಿಸ್ಚಾರ್ಜ್ ಸಮ್ಮರಿ ನೋಡದೆ ಅಡ್ಮಿಷನ್ ರಿಜಿಸ್ಟರ್ ನೋಡಿ ಹಾಕಿದರೆ ಡೆಂಗಿಯವರೆಲ್ಲ ಕಾರಣ ತಿಳಿಯದ ಜ್ವರದ ಖಾತೆಗೆ, ಆರ್50ಕ್ಕೆ ಹೋಗುತ್ತಾರೆ. ಎಚ್‌ಎಂಐಎಸ್‌ನ ಒಳರೋಗಿ ಪಟ್ಟಿಯಲ್ಲಿ ಮಲೇರಿಯಾ, ಡೆಂಗಿ, ಟೈಫಾಯ್ಡ್ ಜೊತೆಗೆ ಕಾರಣ ತಿಳಿಯದ ಜ್ವರಕ್ಕೂ ಒಂದು ಸಾಲಿದೆ. ಅದು ಸುಲಭವಾಗಿ ಕಸದ ಬುಟ್ಟಿಯಾಗುವ ಸಾಲು.

ಮಧುಮೇಹದಿಂದ ಕಾಲು ಕೊಳೆತು ಬಂದವರನ್ನು ಬರೀ ಗ್ಯಾಂಗ್ರೀನ್ ಎಂದು ಆರ್02ಕ್ಕೆ ಹಾಕಿದರೆ ಮಧುಮೇಹ ಪಟ್ಟಿಯಿಂದಲೇ ಮಾಯ. ಸರಿಯಾದ ಜಾಗ ಇ11.5, ರಕ್ತಸಂಚಾರದ ತೊಡಕಿರುವ ಎರಡನೇ ಬಗೆಯ ಮಧುಮೇಹ. 'ಎಂಎಸ್' ಎಂದು ಎರಡಕ್ಷರ ಗೀಚಿದರೆ ಹೃದಯದ ಕವಾಟ ಕಿರಿದಾದದ್ದೂ ಆಗಬಹುದು, ನರಗಳ ಮಲ್ಟಿಪಲ್ ಸ್ಕ್ಲೆರೋಸಿಸ್ಸೂ ಆಗಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಯಿಲೆಯ ಹೆಸರನ್ನು ಪೂರ್ತಿ ಬರೆಯುವುದು ಬರೀ ಶಿಸ್ತಿನ ಮಾತಲ್ಲ.

ಗಾಯ, ವಿಷ, ಅಪಘಾತಗಳಿಗೆ ಎರಡು ಸಂಕೇತ ಬೇಕು: ದೇಹಕ್ಕೆ ಏನಾಯಿತು, ಯಾತರಿಂದ ಆಯಿತು. ರೈತನದು ಟಿ63.0, ಹಾವಿನ ವಿಷ. ಜೊತೆಗೆ ಎಕ್ಸ್20, ವಿಷದ ಹಾವಿನ ಸಂಪರ್ಕ. ಎರಡನೆಯದನ್ನು ಬಿಡುವುದೇ ಹೆಚ್ಚು. ಹಾವಿನ ವಿಷಕ್ಕಾದರೆ ಮೊದಲನೆಯದರಿಂದಲೇ ಕಾರಣ ಗೊತ್ತಾಗುತ್ತದೆ. ತೊಡೆ ಮೂಳೆ ಮುರಿದವರಿಗೆ ಹಾಗಲ್ಲ. ಬೈಕಿನಿಂದ ಬಿದ್ದದ್ದೋ, ತೆಂಗಿನ ಮರದಿಂದ ಬಿದ್ದದ್ದೋ, ಯಾರೋ ಹೊಡೆದದ್ದೋ ಎಂದು ತಿಳಿಯುವುದು ಎರಡನೇ ಸಂಕೇತದಿಂದ ಮಾತ್ರ. ರಸ್ತೆ ಸರಿಪಡಿಸಬೇಕೋ ಮರ ಹತ್ತುವವರಿಗೆ ಸಲಕರಣೆ ಕೊಡಬೇಕೋ ಎಂದು ಹೇಳಬೇಕಾದ ಅಂಕಿ ಅಲ್ಲಿಯೇ ಕಳೆದುಹೋಗುತ್ತದೆ.

ರೈತ ಜುಲೈ 12ಕ್ಕೆ ಬಂದಾಗ ಸರ್ಜರಿಯವರು ಸೆಲ್ಯುಲೈಟಿಸ್ ಎಂದು ಬರೆದರು. ಸಂಕೇತ ಎಲ್03. ಚರ್ಮದ ಸೋಂಕುಗಳ ಖಾತೆ. ಮೂರನೇ ದಾಖಲಾತಿಯಲ್ಲಿ ಹಾವು ಎಲ್ಲೂ ಇಲ್ಲ. ಹಾವು ಕಡಿತದವರ ಲೆಕ್ಕ ಜಿಲ್ಲೆಯಲ್ಲಿ ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ಅದರಿಂದಾದ ನರಳಾಟ ಮುಚ್ಚಿಹೋಯಿತು.

ಬೇರೆಯವರು ಎಣಿಸುವುದು ಬೇರೆಯದನ್ನು

ಹೊರದೇಶದ ಅಂಕಿಗಳನ್ನು ನಮ್ಮದಕ್ಕೆ ಹೋಲಿಸುವವರಿಗೆ ಎರಡು ಎಚ್ಚರಿಕೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಅಂಕಿಗಳ ಮೂಲ ಘಟಕ ಒಬ್ಬ ಹಿರಿಯ ವೈದ್ಯರ ಹೊಣೆಯಲ್ಲಿ ಕಳೆದ ಅವಧಿ. ರೋಗಿ ತುರ್ತು ವೈದ್ಯರಿಂದ ಹೃದ್ರೋಗ ವೈದ್ಯರಿಗೆ, ಅಲ್ಲಿಂದ ವೃದ್ಧರ ವಿಭಾಗಕ್ಕೆ ಹೋದರೆ ಮೂರು ಅವಧಿ. ಆಸ್ಪತ್ರೆ ವಾಸ ಮಾತ್ರ ಒಂದೇ. ಎರಡೂ ಅಂಕಿಗಳನ್ನು ಪ್ರಕಟಿಸುತ್ತಾರೆ, ಯಾವುದನ್ನು ಎತ್ತಿಕೊಂಡಿದ್ದೇವೆ ಎಂಬುದು ನಮ್ಮ ಹೊಣೆ. ಆಸ್ಟ್ರೇಲಿಯಾದವರು ಬಂದವರನ್ನು ಬಿಟ್ಟು ಹೊರಹೋದವರನ್ನು ಎಣಿಸುತ್ತಾರೆ, ಕಾಯಿಲೆ ಖಚಿತವಾಗುವುದು ಆಗಲೇ ಎಂಬ ಕಾರಣಕ್ಕೆ. ಹಾಸಿಗೆಯಲ್ಲಿದ್ದಂತೆಯೇ ಚಿಕಿತ್ಸೆಯ ಬಗೆ ಬದಲಾಗಿ ಪುನಶ್ಚೇತನ ಆರೈಕೆ ಶುರುವಾದರೂ ಅಲ್ಲಿ ಕಾಗದದ ಮೇಲೆ ಒಂದು ಬಿಡುಗಡೆ, ಒಂದು ಹೊಸ ದಾಖಲಾತಿ. ಡಯಾಲಿಸಿಸ್‌ಗೆ ಬಂದು ಸಂಜೆ ಹೋಗುವವರದೂ ದಾಖಲಾತಿಯೇ. ಒಂದೇ ದಿನದ ದಾಖಲಾತಿಗಳಲ್ಲಿ ಅದರದೇ ದೊಡ್ಡ ಪಾಲು.

ಡಯಾಲಿಸಿಸ್ ಪಾಠ ನಮಗೂ ಬೇಕು. ವಾರಕ್ಕೆ ಮೂರು ಸಲ ಹೋಗುವ ಒಬ್ಬರದು ವರ್ಷಕ್ಕೆ 156 ಸಲ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್, ಕರ್ನಾಟಕದಲ್ಲಿ ಆರೋಗ್ಯ ಕರ್ನಾಟಕದ ಜೊತೆ ಸೇರಿದ್ದು, ಇಂಥ ಯೋಜನೆಗಳ ಅಂಕಿ ಹುಟ್ಟುವುದು ಪ್ಯಾಕೇಜ್ ಮಂಜೂರಾತಿ ಮತ್ತು ಕ್ಲೇಮ್‌ಗಳಿಂದ. ಯೋಜನೆಯಡಿ ಇಷ್ಟು ಲಕ್ಷ ದಾಖಲಾತಿ ಎಂಬುದನ್ನು ಇಷ್ಟು ಲಕ್ಷ ಫಲಾನುಭವಿಗಳು ಎಂದು ಓದಲು ಬರುವುದಿಲ್ಲ. ಖಾಸಗಿ ವಿಮೆಯಲ್ಲಂತೂ ವ್ಯಾಖ್ಯೆ ಇನ್ನೂ ಬೇರೆ: ಸತತ 24 ಗಂಟೆ ಒಳರೋಗಿಯಾಗಿರಬೇಕು, ಪಟ್ಟಿ ಮಾಡಿದ ಡೇ ಕೇರ್ ಚಿಕಿತ್ಸೆಗಳಿಗೆ ಮಾತ್ರ ವಿನಾಯಿತಿ. ನಡುರಾತ್ರಿ ದಾಟಿದ ಐದು ಗಂಟೆಯ ವಾಸ ಆಸ್ಪತ್ರೆ ಲೆಕ್ಕದಲ್ಲಿ ಒಂದು ದಿನ, ವಿಮೆ ಲೆಕ್ಕದಲ್ಲಿ ಏನೂ ಅಲ್ಲ.

ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆ ಮತ್ತೊಂದು ದಿಕ್ಕಿನಿಂದ ಬರುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು 2017ರ ಜುಲೈಯಿಂದ 2018ರ ಜೂನ್‌ವರೆಗೆ ನಡೆಯಿತು. ಹಿಂದಿನ 365 ದಿನಗಳಲ್ಲಿ ಆಸ್ಪತ್ರೆ ಸೇರಿದ್ದಿರಾ ಎಂದು ಕೇಳಿದಾಗ, ಹೆರಿಗೆ ಬಿಟ್ಟು, ದೇಶದಲ್ಲಿ ಶೇ 2.9 ಎಂದು ಬಂತು. ಇಲ್ಲಿ ಖಾಸಗಿ ಆಸ್ಪತ್ರೆಗಳೂ ಸೇರುತ್ತವೆ. ಸರ್ಕಾರಿ ಮಾಸಿಕ ವರದಿಗೆ ಖಾಸಗಿಯವರ ಅಂಕಿ ಪೂರ್ತಿ ಬರುವುದಿಲ್ಲವಾದ್ದರಿಂದ ಸಮೀಕ್ಷೆಯ ಬೆಲೆ ದೊಡ್ಡದು. ಹೆರಿಗೆ ಸೇರಿಸಿದ ಅಂಕಿ, ಬಿಟ್ಟ ಅಂಕಿ ಎರಡೂ ಓಡಾಡುತ್ತಿರುತ್ತವೆ, ಒಂದನ್ನು ಇನ್ನೊಂದಕ್ಕೆ ಹೋಲಿಸಬೇಡಿ.

ಎಲ್ಲಿ ದಾಖಲಾದರು, ಎಲ್ಲಿಯವರು

ಕಿದ್ವಾಯಿಗೋ ಜಯದೇವಕ್ಕೋ ನಿಮ್ಹಾನ್ಸಿಗೋ ಬೆಂಗಳೂರಿನವರಷ್ಟೇ ಬರುವುದಿಲ್ಲ. ರಾಜ್ಯದ ಮೂಲೆಮೂಲೆಯಿಂದ, ನೆರೆ ರಾಜ್ಯಗಳಿಂದ ಬರುತ್ತಾರೆ. ಅಲ್ಲಿನ ದಾಖಲಾತಿಯನ್ನು ಬೆಂಗಳೂರಿನ ಜನಸಂಖ್ಯೆಯಿಂದ ಭಾಗಿಸಿ ಕಾಯಿಲೆಯ ದರ ಅಂದರೆ ಅದು ದರವೇ ಅಲ್ಲ. ಕ್ಯಾನ್ಸರ್ ಲೆಕ್ಕದವರು ಇದನ್ನು ನಲವತ್ತು ವರ್ಷದ ಹಿಂದೆಯೇ ಬಗೆಹರಿಸಿಕೊಂಡರು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಲ್ಲಿ ಬೆಂಗಳೂರಿನಲ್ಲಿ ಎರಡು ಬಗೆಯ ಎಣಿಕೆ ಇದೆ. ಆಸ್ಪತ್ರೆ ಆಧಾರಿತ ನೋಂದಣಿಯಲ್ಲಿ ಬಂದವರೆಲ್ಲ ಇರುತ್ತಾರೆ. ಜನಸಂಖ್ಯೆ ಆಧಾರಿತ ನೋಂದಣಿಯಲ್ಲಿ ಕನಿಷ್ಠ ಒಂದು ವರ್ಷದಿಂದ ಅಲ್ಲೇ ವಾಸವಿರುವವರು ಮಾತ್ರ. ಒಬ್ಬರು ಮೂರು ಆಸ್ಪತ್ರೆಗೆ ಹೋಗಿದ್ದರೂ ಹೆಸರು, ವಯಸ್ಸು, ವಿಳಾಸ ಜೋಡಿಸಿ ಒಂದೇ ಎಂದು ಎಣಿಸುತ್ತಾರೆ. ಕೆಲಸ ಹೆಚ್ಚು, ಆದರೆ ಅದೊಂದೇ ನಿಜವಾದ ದರ ಕೊಡುವ ದಾರಿ.

ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸ್ಥಿತಿ ಎಂದು ಅಧಿಸೂಚಿಸಿತು. ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳಿಗೆ ಅನ್ವಯ. ಅದಾದ ಮೇಲೆ ಏರುವ ಸಂಖ್ಯೆಯಲ್ಲಿ ಮೊದಲು ಲೆಕ್ಕಕ್ಕೇ ಸಿಗದಿದ್ದವರು ಸೇರಿರುತ್ತಾರಾದ್ದರಿಂದ ಹಿಂದಿನ ವರ್ಷಗಳ ಗೆರೆಗೆ ಅದನ್ನು ನೇರ ಜೋಡಿಸಬಾರದು. ಒಬ್ಬೊಬ್ಬರ ಹೆಸರಿಟ್ಟು ವರದಿ ಮಾಡುವ ಕಡೆ ನಮ್ಮ ರೈತ ಒಬ್ಬನೇ ಆಗಿ ಉಳಿಯುವ ಅವಕಾಶವಿದೆ. ಅದಕ್ಕೆ ಎರಡೂ ಆಸ್ಪತ್ರೆಗಳಲ್ಲಿ ಆತನ ಗುರುತು ಒಂದೇ ಆಗಿರಬೇಕು. 14 ಅಂಕಿಯ ಆಭಾ ಎಂಬ ಆರೋಗ್ಯ ಗುರುತಿನ ಸಂಖ್ಯೆ ಇರುವುದು ಇದಕ್ಕೇ. ಆದರೆ ಹಾವು ಕಡಿದವನನ್ನು ಬೈಕಿನ ನಡುವೆ ಕೂರಿಸಿಕೊಂಡು ಓಡಿಬಂದವರ ಜೇಬಿನಲ್ಲಿ ಕಾರ್ಡ್ ಇರುವುದಿಲ್ಲ. ತಮ್ಮ ಒಂದು ಹೆಸರು ಹೇಳುತ್ತಾನೆ, ಮಾವ ಇನ್ನೊಂದು ಹೇಳುತ್ತಾನೆ, ವಯಸ್ಸು ಅಂದಾಜು.

ಆದ್ದರಿಂದ ಹಳೆಯ ಕ್ರಮವನ್ನು ಕೈಬಿಡುವ ಹಾಗಿಲ್ಲ. ರೆಫರಲ್ ಚೀಟಿಯ ಮೇಲೆ ಕಳಿಸಿದ ಆಸ್ಪತ್ರೆಯ ಐಪಿ ನಂಬರ್, ದಾಖಲಾದ ದಿನ, ಗಂಟೆ, ಏರಿಸಿದ ವಯಲ್‌ಗಳ ಸಂಖ್ಯೆ. ಬರಮಾಡಿಕೊಂಡ ಆಸ್ಪತ್ರೆಯ ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಅದೇ ನಂಬರ್. ಜುಲೈ 12ರ ಕೇಸ್ ಶೀಟಿನಲ್ಲಿ ಸೆಲ್ಯುಲೈಟಿಸ್ ಎಂದು ಬರೆದ ಸಾಲಿನ ಕೆಳಗೆ ಇನ್ನೊಂದು ಸಾಲು: 'ಜೂನ್ 28ರ ನಾಗರಹಾವು ಕಡಿತದ ನಂತರ', ಪಕ್ಕದಲ್ಲಿ ಹಿಂದಿನ ಎರಡೂ ಐಪಿ ನಂಬರ್.